ಚೆಂಡೆಗೆ ಪೆಟ್ಟು ಬೀಳುವ ಮೊದಲೇ ಸಿ1 ರೆಡಿ ಇರಲಿ: ಕ್ಯಾಮೆರಾದ ಕಸ್ಟಮ್ ಮೋಡ್ ಹೊಂದಿಸುವುದು ಹೇಗೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಯಕ್ಷಗಾನ ಬಯಲಾಟ. ರಾತ್ರಿ ಒಂದೂವರೆ ಆಗಿರಬೇಕು. ಮಹಿಷಾಸುರ ಜನರ ಹಿಂದಿನಿಂದ ದೊಂದಿ ಹಿಡಿದು ಬರ್ತಾ ಇದ್ದಾನೆ, ರಾಳದ ಹುಡಿ ಎರಚಿದಾಗೆಲ್ಲ ಬೆಂಕಿ ಭಗ್ ಅಂತ ಏಳುತ್ತಿದೆ, ಮಕ್ಕಳು ಅಮ್ಮನ ಸೆರಗಿನೊಳಗೆ. ನಾನು ಶಟರ್ ಒತ್ತಿದೆ. ಕ್ಲಿಕ್ ಆಗಲಿಲ್ಲ. ಬೀಪ್, ಬೀಪ್ ಅಂತ ಸದ್ದು. ಎರಡು ಸೆಕೆಂಡಿನ ಟೈಮರ್! ಹಿಂದಿನ ಸಂಜೆ ಬೇಕಲ ಕೋಟೆಯಲ್ಲಿ ಟ್ರೈಪಾಡ್ ಇಟ್ಟು ಸೂರ್ಯ ಮುಳುಗುವುದನ್ನು ತೆಗೆದಿದ್ದೆ, ಎಲ್ಲ ಹಾಗೆಯೇ ಉಳಿದಿತ್ತು. ಐಎಸ್‌ಓ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 11, ಟೈಮರ್, ಎಲ್ಲವೂ. ಟೈಮರ್ ತೆಗೆದು, ಐಎಸ್‌ಓ ಏರಿಸಿ, ಅಪರ್ಚರ್ ತೆರೆದು, ಫೋಕಸ್ ಬದಲಿಸುವ ಹೊತ್ತಿಗೆ ಮಹಿಷಾಸುರ ರಂಗಸ್ಥಳ ಹತ್ತಿ ಆಗಿತ್ತು. ಪಕ್ಕದಲ್ಲಿ ಕೂತಿದ್ದ ಭಾವ ಕೇಳಿದ, "ಎಂತ ಭಾವಾ, ಬಂತಾ ಫೋಟೋ?" ಬಂತು, ಬೆನ್ನಿನದ್ದು.

ಡಯಲಿನ ಮೇಲೆ ಸಿ1, ಸಿ2 ಅಂತ ಎರಡು ಗುರುತು ಇದ್ದವು. ಕ್ಯಾಮೆರಾ ತಗೊಂಡು ಎರಡು ವರ್ಷ ಆಗಿದ್ದರೂ ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಎಂತದೋ ದೊಡ್ಡ ಫೋಟೋಗ್ರಾಫರ್‌ಗಳಿಗೆ ಇರುವುದು ಅಂತ ಬಿಟ್ಟಿದ್ದೆ. ಅಸಲಿಗೆ ಅದರಷ್ಟು ಸರಳವಾದದ್ದು ಆ ಮೆನುವಿನಲ್ಲಿ ಬೇರೆ ಇಲ್ಲ. ಈಗ ಕ್ಯಾಮೆರಾ ಹೇಗೆ ಸೆಟ್ ಆಗಿದೆಯೋ, ಅದನ್ನು ಪೂರ್ತಿ ನೆನಪಿಟ್ಟುಕೋ ಅಂತ ಹೇಳುವುದು. ಶಟರ್ ವೇಗ, ಅಪರ್ಚರ್, ಐಎಸ್‌ಓ, ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ), ಫೋಕಸ್ ಬಗೆ, ಮೀಟರಿಂಗ್ (ಬೆಳಕು ಅಳೆಯುವ ಬಗೆ), ಬರ್ಸ್ಟ್ (ಒತ್ತಿ ಹಿಡಿದರೆ ಸಾಲಾಗಿ ಫೋಟೋ), ಎಲ್ಲ ಒಂದು ಕಟ್ಟು. ಆಮೇಲೆ ಡಯಲ್ ಒಂದು ಸಲ ತಿರುಗಿಸಿದರೆ ಕಟ್ಟು ಬಿಚ್ಚುತ್ತದೆ.

ಮೊದಲು ನಿಮ್ಮ ಕ್ಯಾಮೆರಾದಲ್ಲಿ ಇದು ಉಂಟಾ ನೋಡಿ

ಕ್ಯಾನನ್‌ನಲ್ಲಿ ಡಯಲಿನ ಮೇಲೆ ಸಿ1, ಸಿ2 ಇರುತ್ತದೆ, ಮೇಲಿನ ಮಾಡೆಲ್‌ಗಳಲ್ಲಿ ಸಿ3 ಕೂಡ. ನಿಕಾನ್‌ನಲ್ಲಿ ಅದೇ ಯು1, ಯು2. ಇದು 2010ರ ಡಿ7000ದಿಂದ ಶುರುವಾಯಿತು, ಝಡ್5, ಝಡ್6ರಲ್ಲಿ ಯು3 ಕೂಡ ಇದೆ. ಆದರೆ ಡಿ500, ಡಿ850 ಥರದ್ದರಲ್ಲಿ ಡಯಲ್ ಮೇಲೆ ಯು ಇಲ್ಲ, ಮೆನುವಿನೊಳಗೆ ಬ್ಯಾಂಕ್ ಅಂತ ಇದೆ, ಅದರ ನಡತೆ ಬೇರೆ. ಸೋನಿಯಲ್ಲಿ ಎಂಆರ್ ಅಂತ ಬರೆದಿರುತ್ತದೆ, ಇಲ್ಲವೇ ಬರೀ 1, 2, 3. ಪ್ಯಾನಾಸೋನಿಕ್‌ನಲ್ಲೂ ಸಿ ಅಂತಲೇ. ಫ್ಯೂಜಿಯವರು ಸ್ವಲ್ಪ ನೋಡಿಕೊಳ್ಳಬೇಕು: ಹಳೆಯ ಹಲವು ಬಾಡಿಗಳಲ್ಲಿ ಸಿ1ರಿಂದ ಸಿ7 ಅಂದರೆ ಫಿಲ್ಮ್ ಸಿಮ್ಯುಲೇಷನ್, ಶ್ಯಾಡೋ, ಕಲರ್ ಇಂಥ ಚಿತ್ರದ ಬಣ್ಣದ ಸಂಗತಿಗಳು ಮಾತ್ರ, ಶಟರ್ ವೇಗ ಅದರಲ್ಲಿ ಬರುವುದಿಲ್ಲ. ಎಕ್ಸ್-ಎಸ್10ರಂಥದ್ದರಲ್ಲಿ ಡಯಲಿನ ಮೇಲೆಯೇ ಸಿ1ರಿಂದ ಸಿ4 ಇದೆ.

ಕ್ಯಾನನ್ 1500ಡಿ, ನಿಕಾನ್ ಡಿ3500 ಇಂಥದ್ದು ಇದ್ದವರಿಗೆ ಈ ಸೌಲಭ್ಯವೇ ಇಲ್ಲ. ನಿಮಗೆ ಬೇರೆ ಉಪಾಯ ಇದೆ, ಕೊನೆಗೆ ಹೇಳುತ್ತೇನೆ.

ಯಾವುದಕ್ಕೆ ಯಾವ ಜಾಗ

ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ ಅಂತ ನನ್ನ ಅನಿಸಿಕೆ. ಯೂಟ್ಯೂಬ್ ನೋಡಿ ಸಿ1 ಪೋರ್ಟ್ರೇಟ್, ಸಿ2 ಲ್ಯಾಂಡ್‌ಸ್ಕೇಪ್, ಸಿ3 ಸ್ಪೋರ್ಟ್ಸ್ ಅಂತ ಇಟ್ಟುಬಿಡುತ್ತಾರೆ. ಲ್ಯಾಂಡ್‌ಸ್ಕೇಪಿಗೆ ಯಾಕೆ ಬೇಕು ಮಾರಾಯ್ರೆ? ಬೇಕಲ ಕೋಟೆ ಕೆಳದಿ ನಾಯಕರ ಕಾಲದಿಂದ ಅಲ್ಲೇ ನಿಂತಿದೆ, ನೀವು ಎಫ್ 8 ಇಟ್ಟು, ಟೈಮರ್ ಹಾಕಿ, ಮೂರು ಸಲ ತಪ್ಪಿ ನಾಲ್ಕನೇ ಸಲ ಸರಿ ಮಾಡುವ ತನಕ ಅದು ಎಲ್ಲಿಗೂ ಓಡುವುದಿಲ್ಲ. ನಿಮಗೆ ಸಮಯವೇ ಸಿಗದ ಜಾಗ ಯಾವುದು ಅಂತ ಯೋಚಿಸಿ. ಅದಕ್ಕೆ ಸಿ1 ಕೊಡಿ. ನಂತರ, ಯಾವ ಕೆಲಸಕ್ಕೆ ನೀವು ಪ್ರತಿ ಸಲವೂ ಅವೇ ಏಳೆಂಟು ಗುಂಡಿ ಒತ್ತುತ್ತೀರೋ ಅದಕ್ಕೆ ಸಿ2.

ನನ್ನದು ಹೀಗೆ: ಸಿ1 ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಸಿ2 ಹಕ್ಕಿಗೆ. ಮೂರನೆಯದು ಇದ್ದಿದ್ದರೆ ಮನೆಯೊಳಗಿನ ಕಾರ್ಯಕ್ರಮಕ್ಕೆ ಕೊಡುತ್ತಿದ್ದೆ. ನಿಮ್ಮದು ಬೇರೆ ಇರಬಹುದು. ಮಗು ನಡೆಯಲು ಕಲಿಯುತ್ತಿದ್ದರೆ ಸಿ1 ಮಗುವಿಗೆ, ಬೇರೆ ಮಾತೇ ಇಲ್ಲ.

ಆಟದ ಮೋಡ್, ಸ್ವಲ್ಪ ವಿವರವಾಗಿ

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಆಟದ ಫೋಟೋ ಬಗ್ಗೆ ಜಾಸ್ತಿ ಹೇಳುವುದು ಸರಿಯಲ್ಲ, ಎಲ್ಲರೂ ತೆಗೆಯುವವರೇ. ಆದರೂ ಇದನ್ನೇ ಉದಾಹರಣೆಗೆ ತಗೊಳ್ಳುತ್ತೇನೆ, ಯಾಕೆಂದರೆ ಇಲ್ಲಿ ಪ್ರತಿಯೊಂದು ಸೆಟ್ಟಿಂಗಿಗೂ ಕಾರಣ ಕಣ್ಣೆದುರೇ ಕಾಣುತ್ತದೆ.

ಡಯಲ್ ಎಂ (ಎಲ್ಲವನ್ನೂ ಕೈಯಲ್ಲೇ ಹೊಂದಿಸುವ ಮ್ಯಾನುವಲ್) ಮೇಲೆ ಇಡಿ. ರಂಗಸ್ಥಳದ ಹಿಂದೆ ಕಪ್ಪು ಕತ್ತಲೆ, ಎದುರು ವೇಷದ ಮೇಲೆ ಕನ್ನಡಿ ಚೂರು, ಚಿನ್ನದ ಬಣ್ಣ, ಕೆಂಪು. ಕ್ಯಾಮೆರಾದ ಮೀಟರ್ ಕತ್ತಲೆ ನೋಡಿ "ಬೆಳಕು ಸಾಲದು" ಅಂತ ತಿಳಿದು ಮುಖವನ್ನೆಲ್ಲ ಬಿಳಿ ಮಾಡಿಬಿಡುತ್ತದೆ, ಮುಂದಿನ ಕ್ಷಣ ಕಿರೀಟ ಹತ್ತಿರ ಬಂದರೆ ಕಪ್ಪು ಮಾಡುತ್ತದೆ. ಆದರೆ ರಂಗಸ್ಥಳದ ಬೆಳಕು ಮಾತ್ರ ರಾತ್ರಿಯಿಡೀ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಮೀಟರ್ ಮಾತು ಕೇಳುವುದೇ ಬೇಡ, ಐಎಸ್‌ಓ ಕೂಡ ಆಟೋ ಬಿಟ್ಟು ಕೈಯಲ್ಲೇ ಇಡಿ. ನಾನು ಶುರು ಮಾಡುವುದು 1/320, ಎಫ್ 2.8, ಐಎಸ್‌ಓ 3200ರಿಂದ. ಎಫ್ 2.8ರ ಜೂಮ್ ಇಲ್ಲದವರು 50 ಅಥವಾ 85 ಎಂಎಂನ ಎಫ್ 1.8 ಲೆನ್ಸ್ ಹಾಕಿ, ಬೆಲೆಯೂ ಕಡಿಮೆ, ಬೆಳಕೂ ಜಾಸ್ತಿ. ದಿಗಿಣ ಹಾರುವಾಗ ವೇಷ ಗಾಳಿಯಲ್ಲಿ ನಿಲ್ಲಬೇಕು ಅಂದರೆ 1/500 ಬೇಕಾಗುತ್ತದೆ. ಅರ್ಥ (ಮಾತುಗಾರಿಕೆ) ಹೇಳುವಾಗ 1/160 ಸಾಕು.

ಕೆಂಪು ಬಣ್ಣದ ಬಗ್ಗೆ ಒಂದು ಎಚ್ಚರ. ವೇಷದ ಕೆಂಪು ಬಟ್ಟೆ ಫೋಟೋದಲ್ಲಿ ಬೇಗ ಕರಗಿ ಮಡಿಕೆ ಕಾಣದ ಒಂದೇ ಮುದ್ದೆ ಆಗುತ್ತದೆ. ಬೆಳಕಿನ ಗ್ರಾಫ್ ಆದ ಹಿಸ್ಟೋಗ್ರಾಮ್‌ನಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಆಯ್ಕೆ ಇದ್ದರೆ ಅದನ್ನೇ ಇಡಿ. ಕೆಂಪು ಬಲಬದಿಗೆ ಹೋಗಿ ಗೋಡೆಗೆ ತಾಗಿದೆ ಅಂದರೆ ಐಎಸ್‌ಓ ಒಂದು ಮೆಟ್ಟಿಲು ಇಳಿಸಿ.

ವೈಟ್ ಬ್ಯಾಲೆನ್ಸ್ ಆಟೋ ಬೇಡ. ಬಣ್ಣ ಬಣ್ಣದ ಎಲ್‌ಇಡಿ ಇದ್ದಲ್ಲಿ ಆಟೋ ಇಟ್ಟರೆ ಹತ್ತು ಫೋಟೋಕ್ಕೆ ಹತ್ತು ಮುಖವರ್ಣಿಕೆ. ಬೆಳಕಿನ ಬಣ್ಣದ ಅಳತೆಯಾದ ಕೆಲ್ವಿನ್‌ನಲ್ಲಿ ಒಂದು ಅಂಕಿ ಹಾಕಿ ಬಿಡಿ. ಹಳದಿ ಹ್ಯಾಲೊಜನ್ ಇದ್ದರೆ 3200ರ ಆಸುಪಾಸು, ಬಿಳಿ ಲೈಟಾದರೆ 4500ರಿಂದ 5000. ರಾ (ಸಂಸ್ಕರಿಸದ) ಫೈಲಿನಲ್ಲಿ ತೆಗೆದರೆ ಆಮೇಲೆ ಬದಲಿಸಬಹುದು, ಆದರೂ ಎಲ್ಲ ಫೋಟೋ ಒಂದೇ ಥರ ಇದ್ದರೆ ಒಂದನ್ನು ಸರಿ ಮಾಡಿ ಉಳಿದದ್ದಕ್ಕೆ ಅಂಟಿಸಬಹುದು, ಅಲ್ವಾ?

ಫೋಕಸ್ ನಿರಂತರದ್ದು ಇರಲಿ. ಕ್ಯಾನನ್‌ನಲ್ಲಿ ಎಐ ಸರ್ವೋ, ಹೊಸದರಲ್ಲಿ ಬರೀ ಸರ್ವೋ, ಉಳಿದವರಲ್ಲಿ ಎಎಫ್-ಸಿ. ಮುಖ ಹುಡುಕುವ ಸೌಲಭ್ಯ ಪುಂಡುವೇಷ, ಸ್ತ್ರೀವೇಷಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮುಖಕ್ಕೆ ದಪ್ಪ ಬಣ್ಣ ಬಳಿದ ರಾಕ್ಷಸ ಪಾತ್ರ, ಅಂದರೆ ಬಣ್ಣದ ವೇಷದ ಎದುರು ನನ್ನ ಕ್ಯಾಮೆರಾ ಕಕ್ಕಾಬಿಕ್ಕಿ, ಅದಕ್ಕೆ ಅದು ಮುಖ ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ನಡುವಿನ ಒಂದು ಸಣ್ಣ ಗುಂಪು ಬಿಂದುಗಳನ್ನು ಆರಿಸಿ ಅದನ್ನೇ ಸೇವ್ ಮಾಡಿದ್ದೇನೆ.

ಇನ್ನೊಂದು, ಫ್ಲಿಕರ್. ನಮ್ಮ ಕರೆಂಟು 50 ಹರ್ಟ್ಸಿನದ್ದು, ಅಂದರೆ ಕೆಲವು ಲೈಟುಗಳು ಸೆಕೆಂಡಿಗೆ 100 ಸಲ ಕಂತಿ ಕಂತಿ ಹೊಳೆಯುತ್ತವೆ. ಕಣ್ಣಿಗೆ ಕಾಣುವುದಿಲ್ಲ, 1/320ಕ್ಕೆ ಕಾಣುತ್ತದೆ: ಒಂದು ಫೋಟೋ ಬೆಳ್ಳಗೆ, ಪಕ್ಕದ್ದು ಮಂಕು, ಇಲ್ಲವೇ ಅಡ್ಡಡ್ಡ ಪಟ್ಟಿ. ಆ್ಯಂಟಿ-ಫ್ಲಿಕರ್ ಅಂತ ಇದ್ದರೆ ಆನ್ ಮಾಡಿ ಅದನ್ನೂ ಈ ಮೋಡಿನೊಳಗೇ ಸೇರಿಸಿ. ಸೈಲೆಂಟ್ ಶಟರ್ ಮಾತ್ರ ಇಲ್ಲಿ ಬೇಡವೇ ಬೇಡ, ಪಟ್ಟಿ ಬೀಳುವುದು ಅದರಲ್ಲೇ ಜಾಸ್ತಿ, ಅದೂ ಅಲ್ಲದೆ ಚೆಂಡೆ ಬಾರಿಸುತ್ತಿರುವಾಗ ನಿಮ್ಮ ಶಟರ್ ಸದ್ದು ಕೇಳಿಸಿಕೊಳ್ಳಲು ಯಾರು ಕೂತಿದ್ದಾರೆ?

ಸೇವ್ ಮಾಡುವುದು

ನನ್ನ ಒಂದೇ ಹಟ ಇದು: ಮನೆಯಲ್ಲಿ ಕೂತು ಸೇವ್ ಮಾಡಬೇಡಿ. ಮೇಲೆ ಹೇಳಿದ ಅಂಕಿಗಳು ನನ್ನ ಲೆನ್ಸಿನದ್ದು, ನಾನು ಹೋಗುವ ಮೇಳದ ಲೈಟಿನದ್ದು. ನೀವು ಆಟಕ್ಕೆ ಹೋಗಿ, ಪೂರ್ವರಂಗ ನಡೆಯುತ್ತಿರುವಾಗ ಹತ್ತು ಹದಿನೈದು ಫೋಟೋ ತೆಗೆದು ನೋಡಿ. ಯಾವುದು ಕಣ್ಣಿಗೆ ಹಿತವಾಗಿ ಬಂತೋ, ಆ ಕ್ಷಣದಲ್ಲಿ, ಏನನ್ನೂ ಅಲುಗಿಸದೆ ಮೆನು ತೆರೆಯಿರಿ.

ಕ್ಯಾನನ್ ಆದರೆ ಪಾನಾ ಚಿತ್ರದ ಹಳದಿ ಟ್ಯಾಬಿನಲ್ಲಿ 'ಕಸ್ಟಮ್ ಶೂಟಿಂಗ್ ಮೋಡ್' ಅಂತ ಇರುತ್ತದೆ. ಅದರೊಳಗೆ 'ರಿಜಿಸ್ಟರ್ ಸೆಟ್ಟಿಂಗ್ಸ್', ಸಿ1 ಆರಿಸಿ, ಓಕೆ. ನಿಕಾನ್ ಆದರೆ ಸೆಟಪ್ ಮೆನುವಿನಲ್ಲಿ 'ಸೇವ್ ಯೂಸರ್ ಸೆಟ್ಟಿಂಗ್ಸ್', ಆಮೇಲೆ 'ಸೇವ್ ಟು ಯು1'. ಸೋನಿಯಲ್ಲಿ ಶೂಟಿಂಗ್ ಮೆನುವಿನೊಳಗೆ 'ಕ್ಯಾಮೆರಾ ಸೆಟ್ ಮೆಮೊರಿ', ಹಳೆಯದರಲ್ಲಿ ಬರೀ 'ಮೆಮೊರಿ'. ಸೋನಿಯಲ್ಲಿ ಎಂ1ರಿಂದ ಎಂ4 ಅಂತಲೂ ಜಾಗ ಕಾಣಿಸಿದರೆ ಅದಕ್ಕೆ ಹಾಕಬೇಡಿ, ಅದು ಕ್ಯಾಮೆರಾದಲ್ಲಿ ಅಲ್ಲ, ಮೆಮೊರಿ ಕಾರ್ಡಿನಲ್ಲಿ ಉಳಿಯುವುದು. ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಅದೂ ಹೋಗುತ್ತದೆ.

ಡಯಲ್ ಯಾವ ಮೋಡಿನಲ್ಲಿ ಇದೆಯೋ ಅದೂ ಸೇರಿಯೇ ಸೇವ್ ಆಗುವುದು. ಅಂದರೆ ಎಂ ಇಟ್ಟು ಸೇವ್ ಮಾಡಿದರೆ ಸಿ1 ಒಳಗೆ ಕೂತಿರುವುದು ಎಂ.

ಸೇವ್ ಆದ ಮೇಲೆ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಡಯಲನ್ನು ಆಟೋಗೆ ತಿರುಗಿಸಿ, ಕ್ಯಾಮೆರಾ ಆಫ್ ಮಾಡಿ, ಆನ್ ಮಾಡಿ, ಸಿ1ಕ್ಕೆ ತನ್ನಿ. ಅದೇ ಅಂಕಿಗಳು ಬಂದವಾ? ಟೈಮರ್ ಇಲ್ಲ ತಾನೇ? (ಹೌದು, ನಾನು ಈಗಲೂ ಮೊದಲು ಟೈಮರನ್ನೇ ನೋಡುವುದು.)

ಬದಲಿಸಿದ್ದು ಮಾಯವಾಗುವುದು

ಸಿ1ರಲ್ಲಿ ಇರುವಾಗಲೂ ಶಟರ್, ಐಎಸ್‌ಓ ಎಲ್ಲ ತಿರುಗಿಸಬಹುದು, ಬೀಗ ಏನೂ ಇಲ್ಲ. ಆದರೆ ನೀವು ತಿರುಗಿಸಿದ್ದು ತಾತ್ಕಾಲಿಕ. ಡಯಲ್ ಬೇರೆ ಕಡೆ ಹೋಗಿ ಬಂದರೆ, ಅಥವಾ ಕ್ಯಾಮೆರಾ ಆಫ್ ಆದರೆ, ಸೇವ್ ಮಾಡಿದ್ದೇ ಮತ್ತೆ ಬರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಸುಮ್ನೆ ಬಿಟ್ಟಾಗ ಕ್ಯಾಮೆರಾ ತಾನಾಗಿ ಆಫ್ ಆಗುತ್ತದಲ್ಲ, ಆಗಲೂ ಇದೇ ಕಥೆ. ಮೊದಲ ಸಲ ಇದು ಆದಾಗ ಕ್ಯಾಮೆರಾ ಹಾಳಾಯಿತು ಅಂದುಕೊಂಡಿದ್ದೆ: ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ತೆಗೆಯಲು ಕೇಳಿಕೊಂಡು ಒಳಗೆ ಹೋಗಿದ್ದೆ, ಅಲ್ಲಿನ ಮಂದ ಬೆಳಕಿಗೆ 1/80ಕ್ಕೆ ಇಳಿಸಿದ್ದೆ, ಕಲಾವಿದರೊಬ್ಬರ ಜೊತೆ ಐದು ನಿಮಿಷ ಮಾತಾಡಿ ಮತ್ತೆ ಕ್ಯಾಮೆರಾ ಎತ್ತಿದರೆ 1/320, ಎಲ್ಲ ಕಪ್ಪು.

ಕ್ಯಾನನ್‌ನಲ್ಲಿ ಇದಕ್ಕೆ 'ಆಟೋ ಅಪ್‌ಡೇಟ್' ಅಂತ ಒಂದು ಆಯ್ಕೆ ಇದೆ. ಆನ್ ಮಾಡಿದರೆ ನೀವು ಬದಲಿಸಿದ್ದೆಲ್ಲ ಆಗಿಂದಾಗ ಸೇವ್ ಆಗುತ್ತಾ ಹೋಗುತ್ತದೆ. ಕೇಳಲು ಚೆಂದ. ಆದರೆ ನಾನು ಆಫ್ ಇಡುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಆನ್ ಇದ್ದರೆ ಒಂದು ತಿಂಗಳಲ್ಲಿ ಸಿ1 ಅಂದರೆ ಏನು ಅಂತ ನಿಮಗೇ ಗೊತ್ತಿರುವುದಿಲ್ಲ. ಡಯಲ್ ತಿರುಗಿಸಿದಾಗ ಯಾವಾಗಲೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತೇನೆ ಅನ್ನುವ ಧೈರ್ಯಕ್ಕೇ ಅಲ್ವಾ ಇದನ್ನು ಇಟ್ಟುಕೊಂಡದ್ದು? ನಿಕಾನಿನ ಬ್ಯಾಂಕುಗಳು ನಡೆದುಕೊಳ್ಳುವುದು ಹೀಗೇ, ಬದಲಿಸಿದ್ದೆಲ್ಲ ಉಳಿದುಬಿಡುತ್ತದೆ. ಡಿ850 ಇಟ್ಟುಕೊಂಡವರು ಆ ಬಗ್ಗೆ ಬಯ್ಯುವುದನ್ನು ಕೇಳಿದ್ದೇನೆ.

ಹಕ್ಕಿ, ಒತ್ತೆಕೋಲ, ಗೃಹಪ್ರವೇಶ

ಹಕ್ಕಿಗೆ ಶಟರ್ 1/1600 ಅಥವಾ 1/2000, ಅಪರ್ಚರ್ ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟು, ಐಎಸ್‌ಓ ಇಲ್ಲಿ ಆಟೋ. ಆಟದ ಹಾಗೆ ಬೆಳಕು ಒಂದೇ ಇರುವುದಿಲ್ಲ. ಕಿದೂರಿನ ಕಡೆ ಹೋದವರಿಗೆ ಗೊತ್ತು, ತೋಟದ ನೆರಳಲ್ಲಿ ಮಂಗಟ್ಟೆ ಕೂತಿರುತ್ತದೆ, ಮರುಕ್ಷಣ ರೆಕ್ಕೆ ಬಡಿದು ಬಿಸಿಲಿಗೆ ಹಾರಿರುತ್ತದೆ. ಅಡಿಕೆ ತೋಟದೊಳಗೆ ಎಫ್ 6.3ರ ಲೆನ್ಸಿಗೆ ಐಎಸ್‌ಓ 6400 ಸುಲಭವಾಗಿ ಮುಟ್ಟುತ್ತದೆ, ಮಿತಿ ಅದಕ್ಕಿಂತ ಕೆಳಗಿಟ್ಟರೆ ಫೋಟೋ ಕಪ್ಪಾಗುತ್ತದೆ. ಬರ್ಸ್ಟ್ ಜೋರಿನದ್ದು, ಹಕ್ಕಿಯ ಕಣ್ಣು ಹುಡುಕುವ ಸೌಲಭ್ಯ ಇದ್ದರೆ ಆನ್. ನಮ್ಮ ಜಿಲ್ಲೆಯ ಹಕ್ಕಿ ಅಂತ ಸಾರಿರುವ ಬಿಳಿ ಹೊಟ್ಟೆಯ ಕಡಲ ಹದ್ದನ್ನು ಅಳಿವೆ ಕಡೆ ಆಕಾಶಕ್ಕೆ ಎದುರಾಗಿ ತೆಗೆಯುವಾಗ ಎಕ್ಸ್‌ಪೋಷರ್ ಒಂದು ಸ್ಟಾಪ್ (ಬೆಳಕು ದುಪ್ಪಟ್ಟು) ಹೆಚ್ಚಿಸಬೇಕು, ಇಲ್ಲದಿದ್ದರೆ ಬರೀ ನೆರಳು. ಆ ಪ್ಲಸ್ ಒಂದನ್ನು ಮಾತ್ರ ಸೇವ್ ಮಾಡಬೇಡಿ, ತೋಟದೊಳಗೆ ಅದೇ ಕಾಟ ಕೊಡುತ್ತದೆ. ಹೆಬ್ಬೆರಳಿನ ಕೆಲಸಕ್ಕೆ ಬಿಡಿ.

ಒತ್ತೆಕೋಲಕ್ಕೆ (ಕೆಂಡ ಹಾಯುವ ದೈವದ ಕೋಲ) ನಾನು ಬೇರೆ ಮೋಡ್ ಇಟ್ಟಿಲ್ಲ, ಸಿ1ರಿಂದಲೇ ಶುರು ಮಾಡಿ ಎರಡು ಬದಲಾವಣೆ ಮಾಡಿಕೊಳ್ಳುತ್ತೇನೆ. ಕೆಂಡದ ರಾಶಿಯ ಬೆಳಕು ಏರುತ್ತಾ ಇಳಿಯುತ್ತಾ ಇರುವುದರಿಂದ ಐಎಸ್‌ಓ ಆಟೋ ಮಾಡಿ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸುವುದು. ವೈಟ್ ಬ್ಯಾಲೆನ್ಸ್ ಡೇಲೈಟ್, ಬೆಂಕಿ ಬೆಂಕಿಯ ಬಣ್ಣದಲ್ಲೇ ಉಳಿಯಲಿ ಅಂತ. ಫ್ಲ್ಯಾಷ್ ಹಾಕಬೇಡಿ, ಹೇಳಬೇಕಾಗಿಲ್ಲ.

ಗೃಹಪ್ರವೇಶ, ಉಪನಯನ, ಸಟ್ಟುಮುಡಿ ಇಂಥದ್ದಕ್ಕೆ ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನಾವು ಇಡುವುದು, ಶಟರ್ ಕ್ಯಾಮೆರಾ ನೋಡಿಕೊಳ್ಳುವುದು), ಎಫ್ 4, ಆಟೋ ಐಎಸ್‌ಓಗೆ ಕನಿಷ್ಠ ಶಟರ್ 1/125, ಮುಖ ಹುಡುಕುವುದು ಆನ್. ಇಷ್ಟೇ. ಈ ಮೋಡಿನ ದೊಡ್ಡ ಲಾಭ ಅಂದರೆ ಕ್ಯಾಮೆರಾವನ್ನು ತಂಗಿಯ ಕೈಗೆ ಕೊಟ್ಟು ನೀವೂ ಫೋಟೋದಲ್ಲಿ ನಿಲ್ಲಬಹುದು.

ಉಳಿದ ಸಣ್ಣಪುಟ್ಟ

ಕೈಯಲ್ಲಿ ಸರಿಸುವ ಸ್ವಿಚ್ಚುಗಳು ಯಾವ ಮೋಡಿಗೂ ಸೇವ್ ಆಗುವುದಿಲ್ಲ. ಲೆನ್ಸಿನ ಮೇಲಿನ ಎಎಫ್-ಎಂಎಫ್, ಸ್ಟೆಬಿಲೈಸರ್, ಕೆಲವು ಕ್ಯಾಮೆರಾಗಳ ಅಂಕಿ ಕೆತ್ತಿದ ಎಕ್ಸ್‌ಪೋಷರ್ ಡಯಲ್, ಇವೆಲ್ಲ ನೀವೇ ನೋಡಿಕೊಳ್ಳಬೇಕು. ಗುಂಡಿಗಳ ಕೆಲಸವನ್ನು ಬದಲಿಸಿದ್ದರೆ, ಉದಾಹರಣೆಗೆ ಹಿಂದಿನ ಗುಂಡಿಯಿಂದ ಫೋಕಸ್ ಮಾಡುವ ಅಭ್ಯಾಸ ಇದ್ದರೆ, ಎಲ್ಲ ಮೋಡಿನಲ್ಲೂ ಹಾಗೇ ಇಡಿ. ಒಂದರಲ್ಲಿ ಒಂದು ಥರ ಇದ್ದರೆ ಬೆರಳಿಗೆ ಕಗ್ಗಂಟು.

ಸರ್ವಿಸ್‌ಗೆ ಕೊಡುವ ಮೊದಲು ಸೆಟ್ಟಿಂಗ್‌ಗಳ ನಕಲು ಇಟ್ಟುಕೊಳ್ಳಿ. ನಮ್ಮ ಮಳೆಗಾಲ ಗೊತ್ತಲ್ಲ, ಆಟಿ ತಿಂಗಳು ಮುಗಿಯುವ ಹೊತ್ತಿಗೆ ಲೆನ್ಸಿನಲ್ಲಿ ಬೂಸ್ಟು ಬಂದಿತ್ತು, ಕ್ಯಾಮೆರಾದ ಸೆನ್ಸರನ್ನೂ ಒಮ್ಮೆ ಶುಚಿ ಮಾಡಲಿ ಅಂತ ಎರಡನ್ನೂ ಕೊಟ್ಟಿದ್ದೆ. ವಾಪಸ್ ಬಂದಾಗ ಲೆನ್ಸ್ ಹೊಳೆಯುತ್ತಿತ್ತು, ಸಿ1 ಸಿ2 ಎರಡೂ ಖಾಲಿ, ಪೂರ್ತಿ ರಿಸೆಟ್. ಹಲವು ಕ್ಯಾಮೆರಾಗಳಲ್ಲಿ ಸೆಟ್ಟಿಂಗ್‌ಗಳನ್ನು ಕಾರ್ಡಿಗೆ ಸೇವ್ ಮಾಡಿ ಮತ್ತೆ ಲೋಡ್ ಮಾಡುವ ಸೌಲಭ್ಯ ಇದೆ. ಇಲ್ಲದಿದ್ದರೆ ಕ್ಯಾಮೆರಾದ ಇನ್ಫೋ ಪರದೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಅದೂ ಸಾಕು.

ಇನ್ನು ಡಯಲಿನಲ್ಲಿ ಸಿ ಇಲ್ಲದವರು. ಹೆಚ್ಚಿನ ಕ್ಯಾಮೆರಾಗಳು ಎಂ ಮೋಡಿನ ಶಟರ್ ಮತ್ತು ಅಪರ್ಚರನ್ನು ಬೇರೆಯಾಗಿ, ಅಪರ್ಚರ್ ಪ್ರಯಾರಿಟಿಯದ್ದನ್ನು ಬೇರೆಯಾಗಿ ನೆನಪಿಡುತ್ತವೆ. ಹಾಗಾಗಿ ಎಂ ಅನ್ನು ಆಟಕ್ಕೆ ಮಾತ್ರ ಮೀಸಲಿಡಿ, ಹಗಲಿನ ಕೆಲಸ ಎಲ್ಲ ಅಪರ್ಚರ್ ಪ್ರಯಾರಿಟಿಯಲ್ಲಿ, ಹಕ್ಕಿ ಶಟರ್ ಪ್ರಯಾರಿಟಿಯಲ್ಲಿ. ಐಎಸ್‌ಓ, ಫೋಕಸ್ ಬಗೆ, ಟೈಮರ್ ಇವು ಮಾತ್ರ ಎಲ್ಲದಕ್ಕೂ ಸಾಮಾನ್ಯ, ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ. ಆ ಮೂರನ್ನು ಕ್ಯಾನನ್‌ನ ಮೈ ಮೆನು ಥರದ ಒಂದೇ ಜಾಗಕ್ಕೆ ತಂದಿಟ್ಟುಕೊಳ್ಳಿ, ಅಥವಾ ಕ್ವಿಕ್ ಮೆನುವಿನಲ್ಲಿ ಎಲ್ಲಿದೆ ಅಂತ ಕತ್ತಲಲ್ಲೂ ಸಿಗುವ ಹಾಗೆ ರೂಢಿ ಮಾಡಿ. ಡಯಲಿನಷ್ಟು ಬೇಗ ಆಗುವುದಿಲ್ಲ, ಆದರೆ ಏಳೆಂಟರ ಬದಲು ಮೂರೇ ಕೆಲಸ.

ನಾನು ಲೆನ್ಸ್ ಕ್ಯಾಪಿನ ಒಳಬದಿಗೆ ಒಂದು ಸಣ್ಣ ಚೀಟಿ ಅಂಟಿಸಿದ್ದೇನೆ: "1 ಆಟ, 2 ಹಕ್ಕಿ, ಟೈಮರ್ ನೋಡು". ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಆರು ತಿಂಗಳು ಸಿ1 ಮುಟ್ಟುವುದೇ ಇಲ್ಲ, ಆಗ ನೆನಪು ಹೋಗಿರುತ್ತದೆ. ಹೊಸ ತಿರುಗಾಟದ ಮೊದಲ ಆಟಕ್ಕೆ ಹೋದಾಗ ಲೈಟಿನವರು ಬೇರೆ ಬಲ್ಬು ತಂದಿರುತ್ತಾರೆ, ಪೂರ್ವರಂಗದ ಹೊತ್ತಿಗೆ ಮತ್ತೆ ಹತ್ತು ಫೋಟೋ ತೆಗೆದು ಸಿ1 ಹೊಸದಾಗಿ ರಿಜಿಸ್ಟರ್ ಮಾಡುತ್ತೇನೆ.